ಮಾಲೇಕಲ್ಲು–ಹಳೇಬೀಡು ಪರಿಸರದ ಶಿಲೆಗಳು

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ತಾಲ್ಲೂಕುಗಳಲ್ಲಿ ಕಾಣಸಿಗುವ ಅತಿ ಪ್ರಾಚೀನ ಶಿಲಾಸಮೂಹ. ಮಾಲೇಕಲ್ಲು ತಿರುಪತಿ ಬೆಟ್ಟ ಅರಸೀಕೆರೆಯ ಸಮೀಪದಲ್ಲಿದೆ. ಮೆಟ್ಟಿಲೇರಿ ಹೋದರೆ ತುದಿಯಲ್ಲಿ ವೆಂಕಟರಮಣ ಸ್ವಾಮಿಯ ಗುಡಿ ಸಿಗುತ್ತದೆ.

ಭೂರಚನೆ: ಈ ಸೀಮೆ ಧಾರವಾಡ ಕ್ರೇಟಾನ್ ಎಂಬ ಪ್ರಾಚೀನ, ಸ್ಥಿರ ಭೂತೊಗಟೆಯ ಪಶ್ಚಿಮ ಭಾಗಕ್ಕೆ ಸೇರಿದೆ. ತಳದಲ್ಲಿರುವುದು ಪಟ್ಟೆಪಟ್ಟೆಯಾದ ನೈಸ್ ಶಿಲೆ. ಇದೇ ಜಿಲ್ಲೆಯ ಗೊರೂರಿನ ನೈಸ್ ಸುಮಾರು 330 ಕೋಟಿ ವರ್ಷ ಹಳೆಯದು. ಅರಸೀಕೆರೆ–ಬಾಣಾವರದ ಗ್ರಾನೈಟ್ ಸುಮಾರು 260 ಕೋಟಿ ವರ್ಷಗಳ ಹಿಂದೆ ಭೂಗರ್ಭದ ಶಿಲಾಪಾಕ ನಿಧಾನವಾಗಿ ತಣಿದು ಗಟ್ಟಿಯಾದದ್ದು. ಹಾಗಾಗಿಯೇ ಅದರ ಹರಳುಗಳು ಬರಿಗಣ್ಣಿಗೂ ಕಾಣುತ್ತವೆ.

ಶಿಥಿಲೀಕರಣ: ಮೇಲಿನ ಪದರಗಳು ಸವೆದು ಭಾರ ಇಳಿದಾಗ ಗ್ರಾನೈಟ್ ಹಿಗ್ಗಿ, ಮೇಲ್ಮೈಗೆ ಸಮಾಂತರವಾಗಿ ಬಿರಿಯುತ್ತದೆ. ಬಿರುಕಿಗಿಳಿದ ಮಳೆನೀರು ಫೆಲ್ಡ್‌ಸ್ಪಾರನ್ನು ಜೇಡಿಯಾಗಿ ಮಾರ್ಪಡಿಸುತ್ತದೆ. ಕರಗದ ಬೆಣಚು ಮರಳಾಗಿ ಉಳಿಯುತ್ತದೆ. ಮೂಲೆಗಳು ಬೇಗ ಸವೆಯುವುದರಿಂದ ಬಂಡೆಗಳು ದುಂಡಗಾಗುತ್ತವೆ.

ಬಳಪದ ಕಲ್ಲು: ಮೆಗ್ನೀಸಿಯಂ ಹೇರಳವಾಗಿದ್ದ ಪುರಾತನ ಶಿಲೆಗಳು ಶಾಖ, ಒತ್ತಡ, ನೀರಿನಿಂದ ರೂಪಾಂತರಗೊಂಡು ಟಾಲ್ಕ್ ಮತ್ತು ಕ್ಲೋರೈಟ್ ಖನಿಜಗಳ ಮೆದು ಕಲ್ಲಾದವು. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ, ಅರಸೀಕೆರೆಯ ಈಶ್ವರ ದೇವಾಲಯಗಳ ಸೂಕ್ಷ್ಮ ಕೆತ್ತನೆ ಈ ಕಲ್ಲಿನಲ್ಲಿ ಮೂಡಿತು. ಗ್ರಾನೈಟಿನಲ್ಲಿ ಇಂಥ ನವುರು ಕೆಲಸ ಬಹು ಕಷ್ಟ. ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಅಧ್ಯಯನದ ಮಹತ್ವ: ಭೂಮಿಯ ಆದಿಕಾಲದ ತೊಗಟೆ ರೂಪುಗೊಂಡ ಬಗೆಯನ್ನು ವಿದ್ಯಾರ್ಥಿಗಳು ಒಂದೇ ದಿನದ ಪ್ರವಾಸದಲ್ಲಿ ಇಲ್ಲಿ ಕಣ್ಣಾರೆ ಕಲಿಯಬಹುದು. ಆದ್ದರಿಂದ ಇಲ್ಲಿನ ಬಂಡೆಗಳಿಗೂ ಶಿಲ್ಪಗಳಷ್ಟೇ ರಕ್ಷಣೆ ಸಲ್ಲಬೇಕು.