ಆಕಾಶದಿಂದ ಬರುವ ಚಿತ್ರ ಏಕೆ ಮಸುಕಾಯಿತು?



2025ರ ಜೂನ್ 3ರ ರಾತ್ರಿ ನಮ್ಮ ಕಡೆ ಬಹಳ ಮನೆಗಳಲ್ಲಿ ದೀಪ ಆರಲಿಲ್ಲ. ಬೇಸಿಗೆ ರಜೆ ಇನ್ನೂ ಮುಗಿದಿರಲಿಲ್ಲ, ಮಕ್ಕಳಿಗೆ ಬೆಳಿಗ್ಗೆ ಬೇಗ ಏಳುವ ಚಿಂತೆ ಇರಲಿಲ್ಲ. ಹದಿನೆಂಟು ವರ್ಷ ಕಾದ ಮೇಲೆ ಬೆಂಗಳೂರು ತಂಡ ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಐಪಿಎಲ್ ಕಪ್ಪು ಎತ್ತಿತು. ನಮ್ಮ ಶಾಲೆಯ ಹುಡುಗರಲ್ಲಿ ಅರ್ಧ ಜನ ಹೈದರಾಬಾದ್ ತಂಡದವರು, ಅರ್ಧ ಜನ ಬೆಂಗಳೂರಿನವರು. ಗಡಿಯಲ್ಲಿ ಇರುವವರ ಕಥೆ ಹೀಗೇ! ಅಂದು ಮಾತ್ರ ಎಲ್ಲರೂ ಒಂದೇ ಕಡೆ.

ಗೆದ್ದ ಕ್ಷಣದಲ್ಲಿ ಮೈದಾನದ ಮೇಲೆ ಪಟಾಕಿ ಹಾರಿದವು. ಅದೇ ಹೊತ್ತಿಗೆ ನಮ್ಮೆದುರಿನ ಟಿ.ವಿ. ಪರದೆ ಚೂರು ಚೂರಾಯಿತು. ಬೆಂಕಿಯ ಕಿಡಿ ಇರಬೇಕಾದ ಕಡೆ ಬೂದುಬಣ್ಣದ ಚೌಕಗಳು, ಆಟಗಾರರ ಮುಖದ ಮೇಲೆ ಮಣ್ಣು ಮೆತ್ತಿದ ಹಾಗೆ ಮಸುಕು. "ಸರ್, ಇದು ಎಚ್‌ಡಿ ಅಂತ ರೊಕ್ಕಾ ತಗೊಂಡಾರ, ಹಿಂಗ್ಯಾಕ ಒಡದ ಹೋಗ್ಲಿಕ್ಹತ್ತದ?" ಎಂದು ಒಬ್ಬ ಹುಡುಗ ಕೇಳಿದ. ಮಳೆ ಇರಲಿಲ್ಲ, ಗಾಳಿ ಇರಲಿಲ್ಲ, ಛತ್ರಿ ಅಲುಗಿರಲಿಲ್ಲ. ಸಿಗ್ನಲ್ ನೂರಕ್ಕೆ ತೊಂಬತ್ತು ತೋರಿಸುತ್ತಿತ್ತು. ಆ ಪ್ರಶ್ನೆಗೆ ಅಂದು ಅರ್ಧ ಉತ್ತರ ಕೊಟ್ಟೆವು. ಉಳಿದ ಅರ್ಧಕ್ಕಾಗಿ ಐವತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು. ಹಾಗೆ ಹೋದಾಗ ದಾರಿ ನಮ್ಮ ಜಿಲ್ಲೆಗೇ ಬಂದು ನಿಂತಿತು!

ನಮ್ಮ ಕಲ್ಹೇರ್ ಈಗ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. 2016ರವರೆಗೆ ಮೇದಕ್ ಜಿಲ್ಲೆಯಲ್ಲಿತ್ತು. ಅದಕ್ಕೂ ಮುಂಚೆ, 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವ ತನಕ, ನಾರಾಯಣಖೇಡ ಮತ್ತು ಜಹೀರಾಬಾದ್ ತಾಲೂಕುಗಳು ಬೀದರ ಜಿಲ್ಲೆಯವು, ತಾಂಡೂರು ಗುಲ್ಬರ್ಗಾ ಜಿಲ್ಲೆಯದು. ಇದು ನಮ್ಮ ಓದುಗರಿಗೆ ಹೊಸದಲ್ಲ. ಆದರೆ ಉಪಗ್ರಹದಿಂದ ನೇರವಾಗಿ ಹಳ್ಳಿಯ ಟಿ.ವಿ.ಗೆ ಚಿತ್ರ ಕಳಿಸುವ ಪ್ರಯೋಗ ಜಗತ್ತಿನಲ್ಲಿ ಇಷ್ಟು ದೊಡ್ಡದಾಗಿ ಮೊದಲು ನಡೆದದ್ದು ಭಾರತದಲ್ಲಿ, ಅದಕ್ಕೆ ಆರಿಸಿದ ಜಿಲ್ಲೆಗಳಲ್ಲಿ ನಮ್ಮ ಮೇದಕ್ ಕೂಡ ಒಂದು ಎಂಬುದು ನಮ್ಮ ಅನೇಕ ಶಿಕ್ಷಕ ಮಿತ್ರರಿಗೇ ತಿಳಿದಿಲ್ಲ.

ಅದರ ಹೆಸರು ಸೈಟ್. ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ ಎಂದು ಕನ್ನಡದಲ್ಲಿ ಹೇಳಬಹುದು. ಇಸ್ರೋ ಮತ್ತು ಅಮೆರಿಕದ ನಾಸಾ ಸೇರಿ ನಡೆಸಿದ್ದು. ವಿಕ್ರಂ ಸಾರಾಭಾಯಿಯವರ ಕನಸು, 1969ರಲ್ಲಿ ಒಪ್ಪಂದ ಆಯಿತು. 1971ರಲ್ಲಿ ಅವರು ತೀರಿಕೊಂಡರು, ಪ್ರಯೋಗ ನೋಡಲು ಉಳಿಯಲಿಲ್ಲ. 1974ರ ಮೇ 30ರಂದು ಹಾರಿಸಿದ ಎಟಿಎಸ್-6 ಎಂಬ ಉಪಗ್ರಹವನ್ನು ಅಮೆರಿಕನ್ನರು ನಮ್ಮ ಕಡೆಗೆ ಸರಿಸಿ ಒಂದು ವರ್ಷಕ್ಕೆ ಕೊಟ್ಟರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ. ಆರು ರಾಜ್ಯ, ಸುಮಾರು 2,400 ಹಳ್ಳಿ. ಆಂಧ್ರಪ್ರದೇಶದಲ್ಲಿ ಹೈದರಾಬಾದ್, ಮೇದಕ್, ಮಹಬೂಬ್‌ನಗರ, ಕರ್ನೂಲು ಜಿಲ್ಲೆಗಳು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ವಿಜಾಪುರ. ನಾರಾಯಣಖೇಡ, ಜಹೀರಾಬಾದ್ ಮೇದಕ್ ಜಿಲ್ಲೆಯಲ್ಲಿ, ತಾಂಡೂರು ಆಗ ಹೈದರಾಬಾದ್ ಜಿಲ್ಲೆಯಲ್ಲಿ. ಅಂದರೆ ನಮ್ಮ ಗಡಿಯ ಎರಡೂ ಮಗ್ಗುಲು ಆ ಪ್ರಯೋಗದೊಳಗೆ ಇದ್ದವು.

ಹಳ್ಳಿಗೆ ಬಂದ ಆಂಟೆನಾ ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯದು, ಸುಮಾರು 10 ಅಡಿ ಅಗಲ. ಟಿ.ವಿ. ಸೆಟ್ಟುಗಳನ್ನು ಮಾಡಿದ್ದು ಹೈದರಾಬಾದಿನ ಇ.ಸಿ.ಐ.ಎಲ್. ಚಿತ್ರ ಕಪ್ಪು ಬಿಳುಪು. ಕಾರ್ಯಕ್ರಮ ತಯಾರಿಸುವ ಕೇಂದ್ರಗಳು ಮೂರು: ದೆಹಲಿ, ಕಟಕ್, ಹೈದರಾಬಾದ್. ತೆಲುಗಿನ ಜೊತೆಗೆ ಕನ್ನಡದ ಕಾರ್ಯಕ್ರಮಗಳೂ ಹೈದರಾಬಾದಿನಲ್ಲೇ ತಯಾರಾದವು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾಗುವುದಕ್ಕೆ (1981) ಆರು ವರ್ಷ ಮೊದಲೇ ಕನ್ನಡ ಮಾತು ಉಪಗ್ರಹ ಹತ್ತಿ ಹಳ್ಳಿಗೆ ಇಳಿದಿತ್ತು! ಇದನ್ನು ಮಕ್ಕಳಿಗೆ ಹೇಳುವಾಗ ನಮಗೆ ಸ್ವಲ್ಪ ಹೆಮ್ಮೆ ಬರುತ್ತದೆ, ಮುಚ್ಚಿಡುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಭಾಷೆಗಳು ನಾಲ್ಕು: ಹಿಂದಿ, ಒಡಿಯಾ, ತೆಲುಗು, ಕನ್ನಡ. ಉಪಗ್ರಹದಲ್ಲಿ ಒಂದು ಸಲಕ್ಕೆ ಒಂದೇ ಚಿತ್ರ, ಅದರ ಜೊತೆ ಎರಡು ಧ್ವನಿ ಕಳಿಸಲು ಬರುತ್ತಿತ್ತು. ಬೆಳಗಿನ ಒಂದೂವರೆ ಗಂಟೆಯನ್ನು ನಾಲ್ಕಕ್ಕೆ ಭಾಗಿಸಿದರು, ಭಾಷೆಗೆ ಇಪ್ಪತ್ತೆರಡೂವರೆ ನಿಮಿಷ. ಕನ್ನಡದ ಮಕ್ಕಳಿಗೆ ದಿನಕ್ಕೆ ಸಿಕ್ಕಿದ್ದು ಇಪ್ಪತ್ತೆರಡೂವರೆ ನಿಮಿಷ, ಅಷ್ಟೇ. ಆದರೆ ಆ ಇಪ್ಪತ್ತೆರಡೂವರೆ ನಿಮಿಷದಲ್ಲಿ ಆಕಾಶದ ಆ ದಾರಿ ಪೂರ್ತಿ ಕನ್ನಡದ್ದೇ ಆಗಿತ್ತು. ಹಂಚಿದ್ದು ಗಡಿಯಾರವನ್ನು, ಚಿತ್ರವನ್ನಲ್ಲ.

ಆ ವರ್ಷ ರಜೆಯ ದಿನಗಳಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ವಿಜ್ಞಾನದ ತರಬೇತಿಯೂ ಟಿ.ವಿ. ಮೂಲಕ ಆಯಿತು, ಎರಡು ತಂಡಗಳಲ್ಲಿ ಸುಮಾರು 48,000 ಜನರಿಗೆ. ನಾವು ಟಿ.ಸಿ.ಎಚ್. ಮಾಡುವಾಗ ದೃಶ್ಯ-ಶ್ರವಣ ಉಪಕರಣ ಎಂದು ಪಾಠ ಓದಿ ಪರೀಕ್ಷೆ ಬರೆದೆವು, ಉಪಕರಣವನ್ನೇ ನೋಡಲಿಲ್ಲ. ನಮಗಿಂತ ಒಂದು ತಲೆಮಾರು ಹಿಂದಿನವರು ಅದರ ಮುಂದೆ ಕುಳಿತು ಕಲಿತಿದ್ದರು! ಇನ್ನೊಂದು ಸಂಗತಿ. ಲೇಖಕ ಆರ್ಥರ್ ಕ್ಲಾರ್ಕ್ ಈ ಪ್ರಯೋಗವನ್ನು ಬಹಳ ಹೊಗಳಿದವರು. ಕೊಲಂಬೋದ ಅವರ ಮನೆಯಲ್ಲಿ ಇಸ್ರೋದ ಇಂಜಿನಿಯರುಗಳೇ ಹೋಗಿ ಒಂದು ಆಂಟೆನಾ ಕೂಡಿಸಿ ಬಂದರು. ಅವರು ಅಲ್ಲಿ ನೋಡುತ್ತಿದ್ದದ್ದು ನಮ್ಮ ಹಳ್ಳಿಗಳಿಗಾಗಿ ಮಾಡಿದ ಒಕ್ಕಲುತನದ ಮತ್ತು ಆರೋಗ್ಯದ ಕಾರ್ಯಕ್ರಮಗಳನ್ನೇ.

ವರ್ಷ ಮುಗಿಯಿತು, ಉಪಗ್ರಹ ತಿರುಗಿ ಹೋಯಿತು. 1977ರಲ್ಲಿ ಗುಲ್ಬರ್ಗಾಕ್ಕೂ ಹೈದರಾಬಾದಿಗೂ ನೆಲದ ಮೇಲಿನ ಪ್ರಸಾರ ಕೇಂದ್ರಗಳು ಬಂದವು. ನಮ್ಮ ಊರುಗಳು ಎರಡಕ್ಕೂ ದೂರ. ಬಾಲ್ಯದಲ್ಲಿ ನಾವು ಕಂಡ ಟಿ.ವಿ. ಎಂದರೆ ಎತ್ತರದ ಕೊಳವೆಯ ಮೇಲಿನ ಆಂಟೆನಾ, ಮಾಳಿಗೆ ಮೇಲೆ ಒಬ್ಬ ಅದನ್ನು ತಿರುವುವವ, ಕೆಳಗೆ ಒಬ್ಬ "ಬಂತು, ಬಂತು... ಹೋಯ್ತು!" ಎಂದು ಕೂಗುವವ. ಚಿತ್ರದ ತುಂಬ ಅಕ್ಕಿ ಚೆಲ್ಲಿದಂತೆ ಚುಕ್ಕೆ. ಆದರೆ ಆ ಮಸುಕು ದೂರದ ಮಸುಕು. ಕೊಳವೆ ಇನ್ನೂ ಐದು ಅಡಿ ಏರಿಸಿದರೆ ಕಡಿಮೆಯಾಗುತ್ತಿತ್ತು. ನಮ್ಮ ಕೈಯಲ್ಲಿ ಏನಾದರೂ ಇತ್ತು.

1990ರ ದಶಕದಲ್ಲಿ ಕೇಬಲ್ ಬಂತು. 1994ರಲ್ಲಿ ಉದಯ ಟಿ.ವಿ. ಶುರುವಾಯಿತು. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಿಂದ ಆರಂಭವಾಯಿತು. ಕನ್ನಡ ಮತ್ತೊಮ್ಮೆ ಹೈದರಾಬಾದಿನಿಂದ ಆಕಾಶಕ್ಕೆ ಏರಿತು ನೋಡಿ. ಉಪಗ್ರಹದಲ್ಲಿ ಟ್ರಾನ್ಸ್‌ಪಾಂಡರ್ ಎಂಬ ಭಾಗಗಳಿರುತ್ತವೆ. ಭೂಮಿಯಿಂದ ಬಂದದ್ದನ್ನು ಹಿಡಿದು ತಿರುಗಿ ಭೂಮಿಗೆ ಕಳಿಸುವ ಕೆಲಸ ಅವುಗಳದ್ದು. ಹಳೆಯ ಅನಲಾಗ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಒಂದು ಟ್ರಾನ್ಸ್‌ಪಾಂಡರಿಗೆ ಒಂದೇ ವಾಹಿನಿ. ಡಿಜಿಟಲ್ ಬಂದ ಮೇಲೆ ಅದೇ ಜಾಗದಲ್ಲಿ ಎಂಟು ಹತ್ತು ವಾಹಿನಿ ಕೂಡ್ರಿಸಲು ಬಂತು. 2003ರಲ್ಲಿ ಡಿಶ್ ಟಿ.ವಿ., 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್, 2006ರಲ್ಲಿ ಟಾಟಾ ಸ್ಕೈ ಬಂದವು. 10 ಅಡಿಯ ಬಲೆ ಹೋಗಿ ಎರಡು ಅಡಿಯ ತಟ್ಟೆ ಬಂತು. ಇದು ದೊಡ್ಡ ಲಾಭವೇ, ಅಲ್ಲಗಳೆಯುವುದಿಲ್ಲ. ಕನ್ನಡದ ವಾಹಿನಿಗಾಗಿ ಊರಿನ ಕೇಬಲ್ಲಿನವನ ದಯೆಗೆ ಕಾಯುವುದು ನಮ್ಮಂಥವರಿಗೆ ತಪ್ಪಿತು.

ಹಾಗಾದರೆ ಅಷ್ಟೊಂದು ವಾಹಿನಿಗಳು ಒಂದೇ ಜಾಗದಲ್ಲಿ ಕೂಡ್ರುವುದು ಹೇಗೆ? ಚಿತ್ರವನ್ನು ಹಿಂಡಿ ಕಳಿಸುತ್ತಾರೆ. ಒಂದು ಎಚ್‌ಡಿ ಚಿತ್ರದಲ್ಲಿ ಅಡ್ಡ 1,920, ಉದ್ದ 1,080 ಚುಕ್ಕೆಗಳು, ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಸಾಧಾರಣ ಚಿತ್ರದಲ್ಲಿ ನಾಲ್ಕು ಲಕ್ಷ ಮಾತ್ರ. ಸ್ಟುಡಿಯೋದ ತಂತಿಯಲ್ಲಿ ಎಚ್‌ಡಿ ಚಿತ್ರ ಸೆಕೆಂಡಿಗೆ ಸುಮಾರು 1,500 ಮೆಗಾಬಿಟ್ ವೇಗದಲ್ಲಿ ಹರಿಯುತ್ತದೆ. ಒಂದು ಟ್ರಾನ್ಸ್‌ಪಾಂಡರಿನ ಶಕ್ತಿ, ಪದ್ಧತಿ ಹಳೆಯದೋ ಹೊಸದೋ ಎಂಬುದರ ಮೇಲೆ, 40ರಿಂದ 70 ಮೆಗಾಬಿಟ್ ಇರಬಹುದು. ಆದ್ದರಿಂದ ಹಿಂದಿನ ಚಿತ್ರಕ್ಕಿಂತ ಈ ಚಿತ್ರದಲ್ಲಿ ಬದಲಾದದ್ದನ್ನು ಮಾತ್ರ ಕಳಿಸು, ಬದಲಾಗದ್ದನ್ನು ಬಿಡು ಎಂಬ ಉಪಾಯ ಮಾಡಿದ್ದಾರೆ. ವಾರ್ತೆ ಓದುವವರು ಕುಳಿತೇ ಇರುತ್ತಾರೆ, ಬದಲಾಗುವುದು ತುಟಿ ಮಾತ್ರ, ಅದಕ್ಕೆ ಸ್ವಲ್ಪ ಸಾಕು. ಪಟಾಕಿ ಹಾರಿದಾಗ? ಇಡೀ ಪರದೆ ಪ್ರತಿ ಕ್ಷಣ ಬದಲು. ಆಗ ಬೇಕಾದಷ್ಟು ಬಿಟ್ ಸಿಗದಿದ್ದರೆ ಸೂಕ್ಷ್ಮ ಗೆರೆಗಳು ಹೋಗಿ ಚೌಕಗಳು ಉಳಿಯುತ್ತವೆ. ಹರಿಯುವ ನೀರು, ಹೊಗೆ, ಕುಣಿತ, ಮೈದಾನದ ಹುಲ್ಲು, ಜನಜಂಗುಳಿ ಇವೆಲ್ಲ ಅದೇ ಜಾತಿ.

ಮಳೆಯ ತೊಂದರೆಯೇ ಬೇರೆ, ಎರಡನ್ನೂ ಒಂದೇ ಎಂದು ತಿಳಿಯಬಾರದು. ಮಳೆ ಬಂದರೆ ಚಿತ್ರ ನಿಂತೇ ಹೋಗುತ್ತದೆ, ನಿಂತ ಮೇಲೆ ಮೊದಲಿನಂತೆ ಬರುತ್ತದೆ. ಇನ್ನೊಂದು, ಹಳೆಯ ಸಾಧಾರಣ ಚಿತ್ರವನ್ನೇ ಹಿಗ್ಗಿಸಿ ಎಚ್‌ಡಿ ವಾಹಿನಿಯಲ್ಲಿ ತೋರಿಸುವುದು. ಹಳೆಯ ಸಿನಿಮಾದಲ್ಲಿ ನಾಯಕನ ಮುಖ ಕುಂಬಳಕಾಯಿಯಂತೆ ಅಗಲವಾಗಿ ಕಂಡರೆ ಅದು ಈ ಹಿಗ್ಗಿಸಿದ್ದರ ಫಲ.

ಊಟಕ್ಕೆ ಜನ ಹೆಚ್ಚಾದಾಗ ಬ್ಯಾಳಿ ಸಾರಿಗೆ ನೀರು ಹಾಕುತ್ತಾರಲ್ಲ, ವಾಹಿನಿ ಹೆಚ್ಚಾದಾಗ ಆಗುವುದು ಅದೇ. ಒಂದೇ ಟ್ರಾನ್ಸ್‌ಪಾಂಡರಿನ ವಾಹಿನಿಗಳ ನಡುವೆ ಆ ಕ್ಷಣಕ್ಕೆ ಯಾರಿಗೆ ಹೆಚ್ಚು ಬೇಕೋ ಅವರಿಗೆ ಹೆಚ್ಚು ಕೊಡುವ ಯಂತ್ರವೂ ಇದೆ. ಜಾಣ ಯಂತ್ರ. ಆದರೆ ಎಲ್ಲ ಕಡೆಯೂ ಒಂದೇ ಹೊತ್ತಿಗೆ ಕ್ರಿಕೆಟ್ಟು, ಕುಣಿತ ಇದ್ದರೆ ಅದಾದರೂ ಎಲ್ಲಿಂದ ತರಬೇಕು?

ಇದು ನಮ್ಮ ದೇಶದ್ದೊಂದೇ ಕಥೆಯಲ್ಲ. ಇಂಗ್ಲೆಂಡಿನ ಬಿಬಿಸಿ ಎಚ್‌ಡಿ ವಾಹಿನಿ 2009ರ ಆಗಸ್ಟ್‌ನಲ್ಲಿ ಹೊಸ ಯಂತ್ರ ಹಾಕಿ, ಸೆಕೆಂಡಿಗೆ 16 ಮೆಗಾಬಿಟ್ ಇದ್ದದ್ದನ್ನು 9.7ಕ್ಕೆ ಇಳಿಸಿತು. ಹೊಸ ಯಂತ್ರ ಕಡಿಮೆಯಲ್ಲೇ ಅಷ್ಟೇ ಚೆನ್ನಾಗಿ ಹಿಂಡುತ್ತದೆ ಎಂಬುದು ಅವರ ವಾದ. ನೋಡುಗರು ಒಪ್ಪಲಿಲ್ಲ, ದೂರು ಬರೆದರು, ವಿಷಯ ಪತ್ರಿಕೆಗಳಿಗೂ ಹೋಯಿತು. ಮರುವರ್ಷ, ದೃಶ್ಯ ಕಠಿಣವಾದಾಗ ಪ್ರಮಾಣ ಏರುವಂತೆ ಅವರು ಬದಲಾವಣೆ ಮಾಡಿದರು. ಅಮೆರಿಕದಲ್ಲಿ ಚುಕ್ಕೆಗಳನ್ನೇ ಕಡಿಮೆ ಮಾಡಿ ಕಳಿಸಿದ್ದಕ್ಕೆ ಜನ 'ಎಚ್‌ಡಿ ಲೈಟ್' ಎಂದು ಹೆಸರಿಟ್ಟು ನಕ್ಕರು. ನಮಗೆ ಮುಖ್ಯವಾಗಿ ಕಂಡದ್ದು ಇಷ್ಟು: ಅಲ್ಲಿ 16, 9.7 ಎಂಬ ಅಂಕಿಗಳು ನೋಡುಗರ ಬಾಯಲ್ಲಿದ್ದವು. ಅಂಕಿ ಇದ್ದದ್ದರಿಂದ ಜಗಳ ಆಡಲು ಬಂತು.

ನಮ್ಮಲ್ಲಿ ಎಚ್‌ಡಿ ದೊಡ್ಡದಾಗಿ ಕಂಡದ್ದು 2010ರ ಅಕ್ಟೋಬರ್‌ನಲ್ಲಿ, ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ದೂರದರ್ಶನ ಎಚ್‌ಡಿಯಲ್ಲಿ ತೋರಿಸಿದಾಗ. ಕನ್ನಡಕ್ಕೆ 2016ರಲ್ಲಿ ಕಲರ್ಸ್ ಕನ್ನಡ ಎಚ್‌ಡಿ ಬಂತು, ಬಳಿಕ ಉಳಿದವು. 2019ರ ಫೆಬ್ರುವರಿಯಲ್ಲಿ ಟ್ರಾಯ್‌ನ ಹೊಸ ದರಪದ್ಧತಿ ಜಾರಿಯಾಯಿತು. ಅದರಲ್ಲಿ ಆಗ ಇದ್ದ ಒಂದು ಲೆಕ್ಕ ನೋಡಿ: 130 ರೂಪಾಯಿಗೆ (ತೆರಿಗೆ ಬೇರೆ) ನೂರು ವಾಹಿನಿ, ಆ ನೂರರಲ್ಲಿ ಒಂದು ಎಚ್‌ಡಿ ಎಂದರೆ ಎರಡು ಸಾಧಾರಣ ವಾಹಿನಿಗೆ ಸಮ. ಚುಕ್ಕೆಯ ಲೆಕ್ಕದಲ್ಲಿ ಐದು ಪಟ್ಟು, ಎಣಿಕೆಯ ಲೆಕ್ಕದಲ್ಲಿ ಎರಡು ಪಟ್ಟು. ಬಿಟ್ಟಿನ ಲೆಕ್ಕದಲ್ಲಿ ಎಷ್ಟು ಪಟ್ಟು? ನಮ್ಮ ಮನೆಗೆ ಬರುವ ಬಿಲ್ಲಿನಲ್ಲಿಯೂ ಇಲ್ಲ, ಪೆಟ್ಟಿಗೆಯ ಮೇಲೆಯೂ ಇಲ್ಲ. ಎಚ್‌ಡಿ ಎಂಬ ಎರಡು ಅಕ್ಷರ ಚುಕ್ಕೆಯ ಮಾತು ಮಾತ್ರ ಹೇಳುತ್ತವೆ. ಮೇಲಾಗಿ ನಮಗೆ ಕೊಟ್ಟ ಪ್ಯಾಕ್ ತೆಲುಗಿನದು. ಕನ್ನಡದ ವಾಹಿನಿಗಳನ್ನು ಫೋನ್ ಮಾಡಿ, ಒಂದೊಂದಾಗಿ ಹೆಸರು ಹೇಳಿ, ಬೇರೆ ದುಡ್ಡು ಕೊಟ್ಟು ಹಾಕಿಸಿಕೊಂಡೆವು. ಹಾಗೆ ಹಾಕಿಸಿಕೊಂಡದ್ದು ಮಸುಕಾಗಿ ಬಂದರೆ ಮನಸ್ಸಿಗೆ ಹೆಚ್ಚು ಚುಚ್ಚುತ್ತದೆ.

ಕ್ರಿಕೆಟ್ಟು ಮಸುಕಾದರೆ ಹೋಗಲಿ ಬಿಡಿ ಎನ್ನಬಹುದು. ಯಾರು ಗೆದ್ದರು ಎಂಬುದಂತೂ ತಿಳಿಯುತ್ತದೆ. ಆದರೆ ಕೊರೊನಾ ವರ್ಷ ನೆನಪಿಸಿಕೊಳ್ಳಿ. ಶಾಲೆಗೆ ಬೀಗ. 2020ರ ಜುಲೈ 20ರಿಂದ ಕರ್ನಾಟಕದವರು ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳನ್ನು ಶುರು ಮಾಡಿದರು, 8ರಿಂದ 10ನೇ ತರಗತಿಗೆ. ನಮ್ಮ ಪಠ್ಯ ತೆಲಂಗಾಣದ್ದು, ಅವರದ್ದು ಬೇರೆ. ಆದರೂ ಗಣಿತ ಗಣಿತವೇ, ವಿಜ್ಞಾನ ವಿಜ್ಞಾನವೇ, ಭಾಷೆ ನಮ್ಮದೇ. ನೋಡಿ ಬರೆದುಕೊಳ್ಳಿ ಎಂದು ನಮ್ಮ ಮಕ್ಕಳಿಗೆ ಹೇಳಿದೆವು. ಪಾಠ ಮಾಡಿದ ಶಿಕ್ಷಕರು ಚೆನ್ನಾಗಿ ಮಾಡಿದರು. ಆದರೆ ನಮ್ಮ ಮಕ್ಕಳ ಮನೆಯ ಪೆಟ್ಟಿಗೆ ತಲುಪುವ ಹೊತ್ತಿಗೆ ಅಕ್ಷರದ ಅಂಚು ಕರಗಿರುತ್ತಿತ್ತು. ಕನ್ನಡ ಅಕ್ಷರದಲ್ಲಿ ಬಹಳ ಅರ್ಥ ಕೆಳಗೆ ಇರುತ್ತದೆ, ಒತ್ತಿನಲ್ಲಿ. ಚಿತ್ರ ಹಿಂಡಿದಾಗ ಮೊದಲು ಹೋಗುವುದು ಅಂಥ ಸಣ್ಣ ಗೆರೆಯೇ.

ಶಾಲೆ ತೆರೆದ ಮೇಲೆ ನೋಟ್‌ಬುಕ್ ತರಿಸಿ ನೋಡಿದೆವು. ಒಬ್ಬಳು ಹುಡುಗಿ ದುಂಡಗಿನ ಅಕ್ಷರದಲ್ಲಿ ಪುಟಗಟ್ಟಲೆ ಬರೆದಿದ್ದಳು. ಆಮ್ಲ ಎಂದು ಇರಬೇಕಾದ ಕಡೆಯೆಲ್ಲ 'ಆಮ', ವಿದ್ಯುತ್ ಇರಬೇಕಾದ ಕಡೆ 'ವಿದುತ್'. ನೀರಿನ ಸೂತ್ರದಲ್ಲಿ ಕೆಳಗಿನ ಸಣ್ಣ ಎರಡು ಇರಲಿಲ್ಲ. "ಟಿ.ವಿ.ಯೊಳಗ ಹಿಂಗೇ ಇತ್ತು ಸರ್" ಎಂದಳು. ಆಕೆಯ ಮಾತು ಸುಳ್ಳಲ್ಲ. ಅಂಥ ನೋಟ್‌ಬುಕ್‌ಗಳು ಹನ್ನೊಂದು ಬಂದವು. ಕೆಂಪು ಪೆನ್ನು ಹಿಡಿದು, ಒತ್ತುಗಳನ್ನು ಒಂದೊಂದಾಗಿ ಕೆಳಗೆ ಹಾಕುತ್ತ ಎರಡು ಸಂಜೆ ಕುಳಿತೆವು.