ಮದ್ದು ಹೊತ್ತವರು ಯಾರು, ಲೈಸನ್ಸ್ ಹಿಡಿದವರು ಯಾರು?

 

ಅಮೆರಿಕದಲ್ಲಿ ಮನ್ಯಾಗ ಕುಂತು ಬಂದೂಕಿನ ಕಾಡತೂಸು ತುಂಬಿಕೊಳ್ಳೋದು ಒಂದು ಹವ್ಯಾಸ. ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆ ಕವಚವನ್ನು ಬಿಸಾಡದೆ, ಅದಕ್ಕೇ ಮತ್ತೆ ಮದ್ದು, ಗುಂಡು ಕೂರಿಸಿ ರೊಕ್ಕ ಉಳಿಸ್ತಾರ. ಇಂಥ ವಿಡಿಯೋಗಳು ಈಗ ಟಿಕೋಟಾ, ಬಬಲೇಶ್ವರದ ನಮ್ಮ ಹುಡುಗರ ಮೊಬೈಲಿಗೂ ಬರಾಕ ಹತ್ಯಾವ. "ಇದು ನಮ್ಮಲ್ಲಿ ಆಗ್ತದೇನು?" ಅಂತ ಕೇಳೋರಿಗೆ ನೇರ ಉತ್ತರ: ಆಗಂಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಲೈಸನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು ಅಪರಾಧ. 2019ರ ತಿದ್ದುಪಡಿ ಆದಮೇಲೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಸಜೆ. ಯಾರೂ ಆ ಕಡೆ ಕೈ ಹಾಕಬ್ಯಾಡ್ರಿ.

ಆದರೆ ನನ್ನನ್ನು ಕಾಡುವ ಪ್ರಶ್ನೆ ಖರ್ಚಿನದ್ದಲ್ಲ. ನಮ್ಮ ನೆಲದಾಗ ಮದ್ದು ಹೊತ್ತ ಕೈ ಯಾವುದು, ಅದನ್ನು ಇಟ್ಟುಕೊಳ್ಳುವ ಹಕ್ಕು ಯಾರ ಕೈಗೆ ಹೋಯ್ತು ಅನ್ನೋದು.

ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ಎಲ್ಲರೂ ನೋಡೀರಿ. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. 1632ರಲ್ಲಿ ಅದನ್ನು ಇಲ್ಲಿಗೆ ತಂದರು. 10 ಆನೆ, 400 ಎತ್ತು, ನೂರಾರು ಆಳು ಎಳೆದು ತಂದರಂತ ಚರಿತ್ರೆ ಹೇಳ್ತದ. ಎರಕ ಹೊಯ್ದವನ ಹೆಸರು ಮುಹಮ್ಮದ್ ಬಿನ್ ಹುಸೇನ್ ರೂಮಿ, ತೋಪಿನ ಮ್ಯಾಲೇ ಐತಿ. ಆನೆ ಎಷ್ಟು, ಎತ್ತು ಎಷ್ಟು ಅನ್ನೋ ಲೆಕ್ಕ ಐತಿ. ಆಳುಗಳದ್ದು ಮಾತ್ರ "ನೂರಾರು". ಆ ನೂರಾರು ಮಂದಿ ಯಾವ ಕೇರಿಯವರು? ಎಳೆಯೋ ಮಿಣಿಗೆ, ಮದ್ದಿನ ಚೀಲಕ್ಕೆ ತೊಗಲು ಹದ ಮಾಡೋದು ಈ ನಾಡಿನಾಗ ಯಾರ ಕಸುಬಾಗಿತ್ತು? ಉಪ್ಪಲಿ ಬುರುಜಿನ ತುದೀಗೆ ಮದ್ದಿನ ಕೋಣೆ, ನೀರಿನ ತೊಟ್ಟಿ ಎರಡೂ ಅದಾವ. ಸುಮಾರು 80 ಅಡಿ ಎತ್ತರಕ್ಕೆ ಆ ಮದ್ದನ್ನು ಹೊತ್ತವರ ಹೆಸರು ಯಾವ ಕಲ್ಲಿನ ಮ್ಯಾಲೂ ಇಲ್ಲ.

ಆ ಕಾಲಕ್ಕೆ ಬಂದೂಕು ಇದ್ದವರೆಲ್ಲ ತಾವೇ ಮದ್ದು ತುಂಬಿಕೊಳ್ಳುತ್ತಿದ್ದರು. ನಳಿಗೆಯ ಬಾಯಿಯಿಂದ ಮದ್ದು, ಗುಂಡು ಹಾಕಿ ಗಜದಿಂದ ಗಿಡಿದು ಹಾರಿಸೋದು. ಇದಕ್ಕೆ ತಡೆ ಹಾಕಿದ್ದು ಬ್ರಿಟಿಷರ ಕಾನೂನು. 1857ರಲ್ಲಿ ಲೈಸನ್ಸ್ ಇಲ್ಲದ ಆಯುಧಗಳನ್ನು ಒಪ್ಪಿಸಬೇಕು ಅಂತ ಹುಕುಂ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು, ಬೇಟೆಯಾಡಿ ಬದುಕುವ ಮಂದಿ, ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಪಡೆ ಬಂದು ಊರಿಗೆ ಬೆಂಕಿ ಹಚ್ಚಿತು. ಮುಂದೆ 19 ಮಂದಿಯನ್ನು ಮುಧೋಳದಲ್ಲಿ, ಹಲಗಲಿಯಲ್ಲಿ ಗಲ್ಲಿಗೇರಿಸಿದರು. ಲಾವಣಿಕಾರರು ಹಾಡದಿದ್ದರೆ, ಫ್ಲೀಟ್ ಎಂಬ ಅಧಿಕಾರಿ ಆ ಹಾಡನ್ನು ಬರೆದಿಡದಿದ್ದರೆ, ಇದೂ ಮರೆತು ಹೋಗ್ತಿತ್ತು.

1878ರಲ್ಲಿ ಇಡೀ ದೇಶಕ್ಕೆ ಶಸ್ತ್ರ ಕಾಯ್ದೆ ಬಂತು. ಯುರೋಪಿಯನ್ನರಿಗೆ ವಿನಾಯಿತಿ. ಕೊಡಗಿನಲ್ಲಿ 1861ರಿಂದಲೇ ವಿನಾಯಿತಿ ಇತ್ತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಇಂದಿಗೂ ಐತಿ, 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು. ಕೊಡವ ಬಂಧುಗಳ ಮ್ಯಾಲೆ ನನಗೆ ಸಿಟ್ಟಿಲ್ಲ. ನಾನು ಹೇಳೋದಿಷ್ಟೆ: ಕೋವಿಯ ಹಕ್ಕು ಹುಟ್ಟು ನೋಡಿ, ಜಮೀನು ನೋಡಿ ಹಂಚಿಕೆಯಾಗೈತಿ. ಹುಟ್ಟೂ ಕೀಳು, ಜಮೀನೂ ಇಲ್ಲ ಅನ್ನಿಸಿಕೊಂಡವರಿಗೆ ಏನು ಬಂತು? ಊರು ಕಾಯೋ ಚಾಕರಿ, ಕೈಯಾಗೊಂದು ಬಡಿಗೆ.

ಗಡಿಯಾಚೆ ನಮ್ಮದೇ ನಂಟಿನ ಮಹಾರರು ಬಂದೂಕು ಹಿಡಿದಿದ್ದರು. 1818ರ ಜನವರಿ 1ರ ಕೋರೆಗಾಂವ್ ನಿಮಗೆ ಗೊತ್ತೇ ಐತಿ. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲರು ಸುಬೇದಾರರು. ಆದರೆ 1890ರ ದಶಕದಲ್ಲಿ "ಇವರು ಯೋಧ ಕುಲದವರಲ್ಲ" ಎಂದು ಸೈನ್ಯದ ಬಾಗಿಲು ಹಾಕಿದರು. ಗೋಪಾಲ ಬಾಬಾ ವಲಂಗಕರ್ 1894ರಲ್ಲೇ ಅರ್ಜಿ ಬರೆದು ತಕರಾರು ಎತ್ತಿದರು. ಆ ಬಾಗಿಲು ಗಟ್ಟಿಯಾಗಿ ತೆರೆದದ್ದು ಬಾಬಾಸಾಹೇಬರ ಒತ್ತಾಯದ ಮೇಲೆ. ಮಹಾರ್ ರೆಜಿಮೆಂಟ್ ಶುರುವಾಗಿದ್ದು 1941ರ ಅಕ್ಟೋಬರ್ 1ರಂದು, ನಮ್ಮ ಪಕ್ಕದ ಬೆಳಗಾವಿಯಲ್ಲಿ.

ಅದೇ ಬಾಬಾಸಾಹೇಬರು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಏನು ಮಾಡಿದರು? ಆಯುಧ ಇಟ್ಟುಕೊಳ್ಳೋದು ಪ್ರತಿ ಪ್ರಜೆಯ ಹಕ್ಕಾಗಬೇಕು ಅಂತ ಎಚ್.ವಿ. ಕಾಮತರು ತಿದ್ದುಪಡಿ ತಂದಾಗ ಒಪ್ಪಲಿಲ್ಲ. ಪೇಟೆಗೆ ಹೋಗಿ ಬೇಕಾದ ಆಯುಧ ಕೊಳ್ಳುವ ಹಕ್ಕು ಎಲ್ಲರಿಗೂ ಸಿಕ್ಕರೆ ರಾಜ್ಯ ನಡೆಯೋದು ಹೆಂಗ ಅನ್ನೋದು ಅವರ ವಾದ. ನಾನು ಇದನ್ನು ಹೀಗೆ ಓದ್ತೀನಿ: ಪೇಟೆಯಲ್ಲಿ ಆಯುಧ ಮುಕ್ತವಾಗಿ ಸಿಕ್ಕರೆ ಮೊದಲು ಕೊಳ್ಳೋದು ಗೌಡ, ಕೂಲಿಯವನಲ್ಲ.

ಆ ತಿಳಿವಳಿಕೆ ಮುಂದೆ ಕಾನೂನಿನಾಗೂ ಬಂತು. 1989ರ ದೌರ್ಜನ್ಯ ತಡೆ ಕಾಯ್ದೆ, ಅದರ 1995ರ ನಿಯಮಗಳು. 3ನೇ ನಿಯಮ ತೆಗೆದು ಓದ್ರಿ. ದೌರ್ಜನ್ಯ ನಡೆಯುವ ಸಂಭವ ಇರುವ ಪ್ರದೇಶ ಗುರುತಿಸಿ, ಅಗತ್ಯ ಬಿದ್ದರೆ ಅಲ್ಲಿನ ಪರಿಶಿಷ್ಟರಲ್ಲದವರ ಬಂದೂಕು ಲೈಸನ್ಸ್ ರದ್ದು ಮಾಡಬೇಕು, ಆಯುಧ ಸರ್ಕಾರಿ ಶಸ್ತ್ರಾಗಾರದಲ್ಲಿ ಇಡಿಸಬೇಕು. ಅಕ್ರಮ ಆಯುಧ ಜಪ್ತಿ ಮಾಡಬೇಕು, ಅಕ್ರಮ ತಯಾರಿಕೆ ನಿಲ್ಲಿಸಬೇಕು. ಅಗತ್ಯ ಬಿದ್ದರೆ ಪರಿಶಿಷ್ಟರಿಗೆ ಲೈಸನ್ಸ್ ಕೊಡಬೇಕು. ಇದು ಭಾಷಣದ ಮಾತಲ್ಲ, ಜಾರಿಯಲ್ಲಿರೋ ನಿಯಮ. ಚುನಾವಣೆ ಬಂದಾಗ ಲೈಸನ್ಸ್ ಬಂದೂಕುಗಳನ್ನು ಠಾಣೆಯಲ್ಲಿ ಇಡಿಸೋ ಆಡಳಿತಕ್ಕೆ, ಕೇರಿಗೆ ಬೆದರಿಕೆ ಬಂದಾಗ ಅದೇ ಕೆಲಸ ಯಾಕ ನೆನಪಾಗಂಗಿಲ್ಲ?

ಹಂಗಾಗಿ ಹುಡುಗರೆ, ಕಾಡತೂಸಿನ ವಿಡಿಯೋ ಬಿಡ್ರಿ, ಈ 3ನೇ ನಿಯಮ ಫಾರ್ವರ್ಡ್ ಮಾಡ್ರಿ. ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಮುಂದಿನ ಸಭೆಗೆ ಮೂರು ಪ್ರಶ್ನೆ ಬರೆದು ಕಳಿಸೋಣ. ಟಿಕೋಟಾ, ಬಬಲೇಶ್ವರ ತಾಲೂಕುಗಳಲ್ಲಿ ಬಂದೂಕು ಲೈಸನ್ಸ್ ಎಷ್ಟು? ಅದರಲ್ಲಿ ಪರಿಶಿಷ್ಟರವು ಎಷ್ಟು? 3ನೇ ನಿಯಮದ ಅಡಿ ಇಲ್ಲಿತನಕ ರದ್ದಾದವು ಎಷ್ಟು? ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಐತಿ, ಹತ್ತು ರೂಪಾಯಿ ಖರ್ಚು.

ಜೈ ಭೀಮ್.