ಕಡ್ಡಿಹುಳುವೊಂದರ ಕುಲನಿರ್ಣಯ

ಆಸ್ಟ್ರೇಲಿಯಾ ಖಂಡಕ್ಕೆ ಪೂರ್ವದಲ್ಲಿ ಸುಮಾರು 600 ಕಿಲೋಮೀಟರುಗಳಾಚೆ, ಟಾಸ್ಮನ್ ಸಮುದ್ರದ ನಡುವೆ, ಲಾರ್ಡ್ ಹೋವ್ ಎಂಬ ಸಣ್ಣ ದ್ವೀಪವೊಂದುಂಟು. ಗೇಣುದ್ದದ, ರೆಕ್ಕೆಯಿಲ್ಲದ ಕಡ್ಡಿಹುಳುವೊಂದು ಅಲ್ಲಿ ಹೇರಳವಾಗಿದ್ದಿತು. ಬೆಸ್ತರು ಅದನ್ನು ಗಾಳಕ್ಕೆ ಸಿಕ್ಕಿಸುತ್ತಿದ್ದರೆಂಬುದರಿಂದಲೇ ಅದರ ಸಮೃದ್ಧಿಯನ್ನು ವಾಚಕರು ಊಹಿಸಬಹುದು. 1918ರಲ್ಲಿ ಮಕಾಂಬೊ ಎಂಬ ಹಡಗು ಆ ತೀರದಲ್ಲಿ ನೆಲಕಚ್ಚಿತು. ಅದರಿಂದಿಳಿದ ಇಲಿಗಳು ಕೆಲವೇ ವರ್ಷಗಳಲ್ಲಿ ಈ ಕೀಟವನ್ನು ದ್ವೀಪದಿಂದ ಅಳಿಸಿಬಿಟ್ಟುವು. ಉಳಿದುವು ವಸ್ತುಸಂಗ್ರಹಾಲಯಗಳ ಒಣದೇಹಗಳು ಮಾತ್ರ.

ದ್ವೀಪದಿಂದ ಆಗ್ನೇಯಕ್ಕೆ 23 ಕಿಲೋಮೀಟರು ದೂರದಲ್ಲಿ ಬಾಲ್ಸ್ ಪಿರಮಿಡ್ ಎಂಬ ಕಡಿದಾದ ಬಂಡೆಯು ಕಡಲಿನಿಂದ 550 ಮೀಟರಿಗೂ ಮಿಕ್ಕಿ ಎದ್ದು ನಿಂತಿದೆ. 1964ರಲ್ಲಿ ಅದನ್ನೇರ ಹೊರಟವರಿಗೆ ಸತ್ತ ಹುಳುವೊಂದು ಕಂಡಿತು. 2001ರಲ್ಲಿ ಡೇವಿಡ್ ಪ್ರಿಡಲ್, ನಿಕೊಲಸ್ ಕಾರ್ಲೈಲ್ ಮೊದಲಾದವರಿಗೆ ಅಲ್ಲಿನ ಪೊದೆಗಳಲ್ಲಿ ಜೀವಂತ ಹುಳುಗಳೇ ದೊರೆತುವು! 2003ರಲ್ಲಿ ಎರಡು ಜೋಡಿಗಳನ್ನು ತಂದು ಸಾಕಲಾಯಿತು. ಒಂದು ಜೋಡಿ ಮೆಲ್ಬರ್ನಿನ ಮೃಗಾಲಯಕ್ಕೆ ಸೇರಿತು.

ಇಲ್ಲಿಯೇ ಸಂದೇಹವೊಂದು ತಲೆದೋರಿತು. ಬಂಡೆಯ ಹುಳುಗಳಿಗೂ ಸಂಗ್ರಹಾಲಯದ ಹಳೆಯ ದೇಹಗಳಿಗೂ ಆಕಾರದಲ್ಲಿ ಗಣನೀಯವಾದ ಭೇದಗಳಿದ್ದುವು. ಇವು ಬೇರೆಯ ಜಾತಿಯವಾದರೆ ದ್ವೀಪದ ಹುಳು ನಿಜವಾಗಿಯೂ ಅಳಿದಂತೆಯೇ ಸರಿ. ಇವನ್ನು ಅಲ್ಲಿಗೆ ಒಯ್ದು ಬಿಡುವುದೆಂದರೆ, ಮಡಿದ ಮನೆಯೊಡೆಯನ ಹೆಸರಿನಲ್ಲಿ ಅಪರಿಚಿತನನ್ನು ಮನೆಗೆ ಹೊಗಿಸಿದಂತಾಗುತ್ತಿದ್ದಿತು.

ಆಕಾರವನ್ನು ನಂಬಿ ಮೋಸಹೋದುದು ಈ ಹುಳುವಿನ ವಿಷಯದಲ್ಲಿ ಹಿಂದೆಯೂ ಉಂಟು. ನ್ಯೂಗಿನಿಯ ದಪ್ಪಮೈಯ ಕಡ್ಡಿಹುಳುಗಳನ್ನು ಹೋಲುತ್ತದೆಂದು ಪಂಡಿತರು ಇದನ್ನು ಅವುಗಳ ಪಂಗಡಕ್ಕೆ ಸೇರಿಸಿದ್ದರು. 2009ರಲ್ಲಿ ಡಿ.ಎನ್.ಎ.ಯನ್ನು ಪರೀಕ್ಷಿಸಲಾಗಿ, ಆ ಬಾಂಧವ್ಯವು ಹುಸಿಯೆಂದೂ, ನೆಲವಾಸದ ಬಾಳೇ ಬೇರೆಬೇರೆ ವಂಶಗಳಿಗೆ ಒಂದೇ ಬಗೆಯ ಮೈಕಟ್ಟನ್ನು ಕೊಟ್ಟಿತೆಂದೂ ತಿಳಿದುಬಂದಿತು. ಅಂಗಲಕ್ಷಣಗಳನ್ನು ಮರಳಿ ನೋಡಿದಾಗ ಅವೂ ಇದನ್ನೇ ನುಡಿದುವು. ಆಸ್ಟ್ರೇಲಿಯದ ತನ್ನ ಬಳಗದಿಂದ ಇದು ಕವಲೊಡೆದು 2 ಕೋಟಿ 20 ಲಕ್ಷ ವರ್ಷಗಳಿಗೂ ಹೆಚ್ಚಾಯಿತಂತೆ. ದ್ವೀಪದ ವಯಸ್ಸಾದರೋ ಸುಮಾರು 70 ಲಕ್ಷ ವರ್ಷ. ಮನೆಗಿಂತ ವಂಶವೇ ಹಳೆಯದು!

ಇತ್ತ ಬಂಡೆಯ ಹುಳುಗಳ ಪ್ರಶ್ನೆ 2017ರಲ್ಲಿ ಬಗೆಹರಿಯಿತು. ಅಲೆಕ್ಸಾಂಡರ್ ಮಿಖೆಯೆವ್ ಮತ್ತು ಸಹೋದ್ಯೋಗಿಗಳು ಸಂಗ್ರಹಾಲಯದ ಒಣದೇಹಗಳಿಂದ ಡಿ.ಎನ್.ಎ.ಯನ್ನು ತೆಗೆದು, ಬಂಡೆಯ ಹುಳುಗಳದರೊಡನೆ ಹೋಲಿಸಿದರು. ಮೈಟೋಕಾಂಡ್ರಿಯದ ತಂತುವಿನಲ್ಲಿ ಕಂಡ ಅಂತರವು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಒಂದೇ ಜಾತಿಯೊಳಗೆ ಇರಬಹುದಾದಷ್ಟು. ಅಂತೂ ಮೊದಲು ಅತಿಸಾಮ್ಯವೂ ಆಮೇಲೆ ವೈಷಮ್ಯವೂ, ಎರಡೂ ಕಣ್ಣನ್ನು ವಂಚಿಸಿದ್ದುವು. ಆದರೂ ನೂರು ವರ್ಷಗಳ ಹಿಂದೆ ಹುಳುವನ್ನು ಹಿಡಿದು, ಒಣಗಿಸಿ, ಪೆಟ್ಟಿಗೆಯಲ್ಲಿ ಜೋಪಾನಮಾಡಿದವರು ಇಲ್ಲದಿದ್ದರೆ ಡಿ.ಎನ್.ಎ.ಗೆ ಹೋಲಿಸಲು ಏನಿರುತ್ತಿದ್ದಿತು?

2019ರಲ್ಲಿ ಲಾರ್ಡ್ ಹೋವ್ ದ್ವೀಪದ ಇಲಿಗಳನ್ನು ನಿರ್ಮೂಲಗೊಳಿಸುವ ಕಾರ್ಯವು ಕೈಗೊಳ್ಳಲ್ಪಟ್ಟಿತು.